ರಿಪೇರಿಗೆ ಹೆಡ್ ಇಲ್ಲ ಅಂದರು: ನಮ್ಮ ಅಡ್ಡರಸ್ತೆಯ ಪರವಾಗಿ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಹಣಕಾಸು ಇಲಾಖೆ ಮತ್ತು ಪೌರಾಡಳಿತ ಇಲಾಖೆಯ ಹೊಣೆ ಹೊತ್ತವರಿಗೆ,

ನಮಸ್ಕಾರ.

ನಮ್ಮ ಮನೆ ಕಟ್ಟಿದಾಗ ರಸ್ತೆಯಿಂದ ಎರಡು ಮೆಟ್ಟಿಲು ಹತ್ತಿ ಒಳಗೆ ಬರುತ್ತಿದ್ದೆವು. ಈಗ ಗೇಟು ತೆಗೆದರೆ ಒಂದು ಮೆಟ್ಟಿಲು ಇಳಿಯಬೇಕು. ಮನೆಯೇನೂ ಕುಸಿದಿಲ್ಲ, ರಸ್ತೆ ಎತ್ತರ ಆಗಿದೆ. ಹಳೇ ಡಾಂಬರು ಕೆರೆದು ತೆಗೆಯದೆ ಅದರ ಮೇಲೇ ಹೊಸದು, ಆ ಹೊಸದು ಹಳತಾದ ಮೇಲೆ ಅದರ ಮೇಲೆ ಇನ್ನೊಂದು. ಒಟ್ಟು ಮೂರು ಸಲ ಹಾಕಿದ್ದಾರೆ. 2004ರಲ್ಲಿ, 2013ರಲ್ಲಿ, 2018ರಲ್ಲಿ. ಈ ಮೂರೂ ರಾಜ್ಯದಲ್ಲಿ ವಿಧಾನಸಭೆ ಚುನಾವಣೆ ನಡೆದ ವರ್ಷಗಳು ಅಂತ ನಿಮಗೆ ನಾನು ನೆನಪಿಸಬೇಕಿಲ್ಲ.

ನಡುವಿನ ವರ್ಷಗಳಲ್ಲಿ ಆ ರಸ್ತೆಗೆ ಏನು ಮಾಡಿದರು? ಅದನ್ನು ತಿಳಿಯೋಣ ಅಂತ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಮೂರು ಪ್ರಶ್ನೆ. ಕೊನೆಯ ಸಲ ಡಾಂಬರು ಹಾಕಿದ್ದು ಯಾವಾಗ, ಯಾವ ಹಣದಲ್ಲಿ? ಕಳೆದ ಐದು ವರ್ಷದಲ್ಲಿ ದುರಸ್ತಿಗೆ ಎಷ್ಟು ಖರ್ಚಾಗಿದೆ? ಆ ಖರ್ಚು ಯಾವ ಲೆಕ್ಕ ಶೀರ್ಷಿಕೆಯಲ್ಲಿ ಬಂತು? ಉತ್ತರ ಬಂತು. ಮೊದಲನೆಯದಕ್ಕೆ: 2018, ವಿಶೇಷ ಅನುದಾನ. ಎರಡನೆಯದಕ್ಕೆ: ಸದರಿ ರಸ್ತೆಗೆ ಸಂಬಂಧಿಸಿದಂತೆ ಪ್ರತ್ಯೇಕ ಲೆಕ್ಕ ನಿರ್ವಹಿಸಿರುವುದಿಲ್ಲ. ಮೂರನೆಯದಕ್ಕೆ: ಅನ್ವಯಿಸುವುದಿಲ್ಲ.

ಪತ್ರ ಹಿಡಿದುಕೊಂಡು ಎಂಜಿನಿಯರ್ ಹತ್ತಿರ ಹೋದೆ. ಒಳ್ಳೆಯ ಮನುಷ್ಯ. ಕೂರಿಸಿ ಮಾತಾಡಿದರು. "ಹೊಸ ರಸ್ತೆ ಕೇಳಿ ಸಾರ್, ಯಾವುದಾದರೂ ಸ್ಕೀಮಿನಲ್ಲಿ ಸೇರಿಸಬಹುದು. ರಿಪೇರಿ ಮಾತ್ರ ಕೇಳಬೇಡಿ. ಅದಕ್ಕೆ ಹೆಡ್ ಇಲ್ಲ."

ಹೆಡ್ ಅಂದರೆ ಹಣ ಬರುವ ಲೆಕ್ಕ ಶೀರ್ಷಿಕೆ. ಬಜೆಟ್ ಪುಸ್ತಕದಲ್ಲಿ ರಸ್ತೆ ದುರಸ್ತಿ ಅಂತ ಒಂದು ಸಾಲು ಇದೆ, ನಾನೇ ನೋಡಿದ್ದೇನೆ. ಸಾಲು ಇದೆ, ಅದರಲ್ಲಿ ದುಡ್ಡು ಇಲ್ಲ. ಅವರು ಹೇಳಿದ್ದು ಅದನ್ನೇ.

ನಮ್ಮೂರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಆ ಎಂಜಿನಿಯರ್‌ಗೆ ಒಂದು ನೋಟಿಸ್ ಹೋಗುತ್ತದೆ, ನಮ್ಮ ಬೀದಿಗೆ ಒಂದು ಲೋಡ್ ಜಲ್ಲಿ ಬರುತ್ತದೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ನನ್ನ ದೂರು ಆ ಕಚೇರಿಯ ಮೇಲಲ್ಲ. ಹಣ ಬರುವ ದಾರಿಯ ಮೇಲೆ. ಆ ದಾರಿ ಇರುವುದು ನಿಮ್ಮ ಕೈಯಲ್ಲಿ.

ಮೊದಲು ನಾನು ಏನು ಕಟ್ಟಿದ್ದೇನೆ ಅಂತ ಹೇಳುತ್ತೇನೆ. 2019ರಲ್ಲಿ ಒಂದು ಕಾರು ಕೊಂಡೆ. ಬೆಲೆ ಏಳು ಲಕ್ಷದ ಆಸುಪಾಸು. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ ಶೇ. 14. ಅದರ ಮೇಲೆ ಸೆಸ್. ಎರಡೂ ಸೇರಿ ಲಕ್ಷ ದಾಟಿತು. 10ರಿಂದ 20 ಲಕ್ಷದ ಕಾರಾದರೆ ಶೇ. 17, ಅದಕ್ಕೂ ಮೇಲಾದರೆ ಶೇ. 18. ಲಕ್ಷಕ್ಕಿಂತ ಜಾಸ್ತಿ ಬೆಲೆಯ ಬೈಕಿಗೂ ಶೇ. 18. ಷೋರೂಮಿನವರು ಬಿಲ್ಲಿನಲ್ಲಿ ಇದನ್ನು "ರೋಡ್ ಟ್ಯಾಕ್ಸ್" ಅಂತ ಬರೆಯುತ್ತಾರೆ. ಊರವರೆಲ್ಲ ಹಾಗೇ ಕರೆಯುತ್ತಾರೆ. ರೋಡ್ ಟ್ಯಾಕ್ಸ್ ಕಟ್ಟಿದ್ದೇನೆ, ರೋಡ್ ಎಲ್ಲಿ ಅಂತ ಬೈಯುವುದೂ ಅದೇ ಲೆಕ್ಕದಲ್ಲಿ.

ಕಾನೂನು ಹಾಗೆ ಕರೆಯುವುದಿಲ್ಲ. ಅದರ ಹೆಸರು ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಕಾಯ್ದೆ, 1957. ವಾಹನದ ಮೇಲಿನ ತೆರಿಗೆ, ಅಷ್ಟೇ. ಆ ಹಣ ರಾಜ್ಯದ ಸಂಚಿತ ನಿಧಿಗೆ ಹೋಗಿ ಉಳಿದೆಲ್ಲ ತೆರಿಗೆಯ ಜೊತೆ ಬೆರೆತುಹೋಗುತ್ತದೆ. ಅದರಿಂದ ಮೇಷ್ಟ್ರ ಸಂಬಳವೂ ಆಗಬಹುದು, ಅಣೆಕಟ್ಟಿನ ಗೇಟೂ ಆಗಬಹುದು. ಪೆಟ್ರೋಲ್, ಡೀಸೆಲ್ ಕೂಡ ಹೀಗೇ. ಅವು ಜಿಎಸ್‌ಟಿಯ ಹೊರಗಿವೆ, ಮಾರಾಟ ತೆರಿಗೆ ಎಷ್ಟಿರಬೇಕು ಅಂತ ನೀವೇ ತೀರ್ಮಾನಿಸುತ್ತೀರಿ. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿದಿರಿ. ಡೀಸೆಲ್ ಮೇಲಿನದು ಶೇ. 14.34ರಿಂದ 18.44ಕ್ಕೆ ಹೋಯಿತು, 2025ರ ಏಪ್ರಿಲ್‌ನಿಂದ ಶೇ. 21.17 ಆಯಿತು. ನಮ್ಮ ಬೀದಿಯ ಗುಂಡಿಯಲ್ಲಿ ಮೊದಲ ಗೇರಿನಲ್ಲಿ ಏಳುತ್ತಾ ಬೀಳುತ್ತಾ ಹೋಗುವಾಗ ಸುಡುವ ಪೆಟ್ರೋಲ್ ಮೇಲೂ ಇದೇ ತೆರಿಗೆ. ಅಂದರೆ ರಸ್ತೆ ಕೆಟ್ಟಷ್ಟೂ ನಿಮಗೆ ವರಮಾನ ಸ್ವಲ್ಪ ಜಾಸ್ತಿ. ಇದು ಕುಹಕ ಅಂತ ಗೊತ್ತು, ಆದರೂ ಬಿಡಲು ಮನಸ್ಸಾಗಲಿಲ್ಲ.

ತೆರಿಗೆ ಮೇಲೆ ಹೋಯಿತು. ಕೆಲಸ ಯಾರದು? ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರ ಜೊತೆ ಬಂದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ಕೆಲಸಗಳಿವೆ. ನಾಲ್ಕನೆಯದು ರಸ್ತೆ ಮತ್ತು ಸೇತುವೆ. ನಮ್ಮಲ್ಲಿ 1964ರ ಪುರಸಭೆಗಳ ಕಾಯ್ದೆ, 1976ರ ಮಹಾನಗರ ಪಾಲಿಕೆಗಳ ಕಾಯ್ದೆ ಎರಡೂ ಊರೊಳಗಿನ ಬೀದಿಗಳನ್ನು ಸ್ಥಳೀಯ ಸಂಸ್ಥೆಯ ತಲೆಗೆ ಕಟ್ಟುತ್ತವೆ. ವಾಹನ ತೆರಿಗೆ ರಾಜ್ಯಕ್ಕೆ, ಇಂಧನ ತೆರಿಗೆ ರಾಜ್ಯ ಮತ್ತು ಕೇಂದ್ರಕ್ಕೆ, ವಾಹನ ಓಡುವ ಬೀದಿ ಮಾತ್ರ ನಗರಸಭೆಗೆ.

ನಗರಸಭೆಯ ಕೈಯಲ್ಲಿರುವ ದೊಡ್ಡ ತೆರಿಗೆ ಅಂದರೆ ಆಸ್ತಿ ತೆರಿಗೆ. ಅದರ ರಸೀದಿಯನ್ನು ಒಂದು ಸಲ ನಿಧಾನವಾಗಿ ಓದಿ. ಆರೋಗ್ಯಕ್ಕೆ ಸೆಸ್ ಇದೆ. ಗ್ರಂಥಾಲಯಕ್ಕೆ ಇದೆ. ಭಿಕ್ಷುಕರ ಪರಿಹಾರಕ್ಕೂ ಇದೆ. ನಮ್ಮ ಮನೆಯೆದುರಿನ ರಸ್ತೆಯ ದುರಸ್ತಿಗೆ ಅಂತ ಒಂದು ಸಾಲೂ ಇಲ್ಲ. ಗ್ರಂಥಾಲಯಕ್ಕೆ ಕೊಡಬೇಡಿ ಅಂತ ಹೇಳುತ್ತಿಲ್ಲ, ನಾನು ಅಲ್ಲಿಗೆ ವಾರಕ್ಕೆರಡು ದಿನ ಹೋಗುವವನು. ಅಲ್ಲಿಗೆ ಹೋಗುವ ದಾರಿಯದ್ದೇ ಚಿಂತೆ.

ಮೇಲೆ ಹೋದ ಹಣ ಕೆಳಗೆ ಬರಲು ಒಂದು ಸೇತುವೆ ಇದೆ, ಒಪ್ಪುತ್ತೇನೆ. ರಾಜ್ಯ ಹಣಕಾಸು ಆಯೋಗ. ಸಂವಿಧಾನದ 243ವೈ ವಿಧಿ ಅದನ್ನು ಕಡ್ಡಾಯ ಮಾಡಿದೆ. ಆಯೋಗ ಕೂತು, ರಾಜ್ಯದ ಸ್ವಂತ ವರಮಾನದಲ್ಲಿ ಇಷ್ಟು ಪಾಲು ಸ್ಥಳೀಯ ಸಂಸ್ಥೆಗಳಿಗೆ ಅಂತ ಶಿಫಾರಸು ಮಾಡುತ್ತದೆ. ಆ ಸ್ವಂತ ವರಮಾನದಲ್ಲಿ ವಾಹನ ತೆರಿಗೆಯೂ ಇದೆ, ಪೆಟ್ರೋಲ್ ತೆರಿಗೆಯೂ ಇದೆ. ಹಾಗಾಗಿ "ರಸ್ತೆ ಹಣದಲ್ಲಿ ನಗರಕ್ಕೆ ಏನೂ ಬರುವುದಿಲ್ಲ" ಅಂದರೆ ಸುಳ್ಳಾಗುತ್ತದೆ. ಬರುತ್ತದೆ. ಆದರೆ ಬರುವಾಗ ಅದರ ಮೈಮೇಲೆ ರಸ್ತೆ ಅಂತ ಬರೆದಿರುವುದಿಲ್ಲ.

ನಗರಸಭೆಯಲ್ಲಿ ಈ ಹಣವನ್ನು ಆಯೋಗದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಲ್ಲಿ ಎಸ್‌ಎಫ್‌ಸಿ ಅನ್ನುತ್ತಾರೆ. ಒಂದು ಭಾಗ ವೇತನಕ್ಕೆ. ಒಂದು ಭಾಗ ವಿದ್ಯುತ್‌ಗೆ, ಅಂದರೆ ಬೀದಿದೀಪ ಮತ್ತು ನೀರಿನ ಪಂಪಿನ ಬಿಲ್ಲಿಗೆ. ಸಾಲದ ಕಂತಿದ್ದರೆ ಅದೂ ಇದರಲ್ಲೇ ಹೋಗಬೇಕು. ಕೊನೆಗೆ ಉಳಿಯುವುದಕ್ಕೆ ಮುಕ್ತನಿಧಿ ಅಂತ ಹೆಸರು. ಹೆಸರಿಗೆ ಮುಕ್ತ. ಚರಂಡಿ, ಬೋರ್‌ವೆಲ್ ಮೋಟಾರು, ಕಸದ ಗಾಡಿಯ ಟೈರು, ಸ್ಮಶಾನದ ಕಾಂಪೌಂಡು ಎಲ್ಲವೂ ಅದರ ಮುಂದೆ ಸಾಲುಗಟ್ಟಿ ನಿಂತಿರುತ್ತವೆ. ನೀರು ನಿಂತರೆ ಜನ ಕೊಡ ಹಿಡಿದು ಕಚೇರಿಗೆ ಬರುತ್ತಾರೆ. ಕಸ ಎತ್ತದಿದ್ದರೆ ಮೂರನೇ ದಿನ ಗಲಾಟೆ. ರಸ್ತೆಯಲ್ಲಿ ಒಂದು ಬಿರುಕು ಬಿಟ್ಟರೆ ಯಾರೂ ಬರುವುದಿಲ್ಲ. ನಾನೂ ಹೋಗಿರಲಿಲ್ಲ. ಸಾಲಿನಲ್ಲಿ ರಸ್ತೆ ಯಾವಾಗಲೂ ಕೊನೆಯಲ್ಲೇ.

ದೆಹಲಿಯಿಂದ ಬರುವ ಹಣದ ಕತೆ ಚಿಕ್ಕದು. ಕೇಂದ್ರದ 15ನೇ ಹಣಕಾಸು ಆಯೋಗ ಸಣ್ಣ ನಗರಗಳಿಗೆ 2021-26ರ ಅವಧಿಗೆ ಕೊಟ್ಟ ಅನುದಾನದಲ್ಲಿ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಹಾಕಿದ್ದು. ಉಳಿದ ಶೇ. 40 ಮತ್ತೆ ಅದೇ ಉದ್ದ ಸಾಲಿನ ಮುಂದೆ.

ಇನ್ನು ಪೆಟ್ರೋಲ್ ಮೇಲೆ ಕೇಂದ್ರ ಹಾಕುವ ರಸ್ತೆ ಸೆಸ್. ಇದರ ವಂಶಾವಳಿ ಸ್ವಾರಸ್ಯವಾಗಿದೆ. ಮೋಟಾರಿನ ಕಾಲ ಶುರುವಾಗಿ ರಸ್ತೆಗಳು ಹಾಳಾಗುತ್ತಿವೆ ಅಂತ 1927ರಲ್ಲಿ ಬ್ರಿಟಿಷ್ ಸರ್ಕಾರ ಎಂ.ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. ಮೋಟಾರು ಓಡಿಸುವವರೇ ರಸ್ತೆಗೆ ಕೊಡಲಿ ಅನ್ನುವುದು ಸಮಿತಿಯ ಮಾತು. 1929ರಲ್ಲಿ ಪೆಟ್ರೋಲ್ ಮೇಲೆ ಗ್ಯಾಲನ್‌ಗೆ ಎರಡಾಣೆ ಜಾಸ್ತಿ ಹಾಕಿ ಕೇಂದ್ರ ರಸ್ತೆ ನಿಧಿ ಶುರು ಮಾಡಿದರು. ಅದೇ ನಿಧಿಗೆ 2000ದಲ್ಲಿ ಹೊಸ ಕಾಯ್ದೆ ಬಂತು. 2018ರಲ್ಲಿ ಹೆಸರೂ ಬದಲಾಯಿತು. 2000ದ ಕಾಯ್ದೆ ಆ ಹಣವನ್ನು ಹಂಚಿದ್ದು ಹೀಗೆ: ಹಳ್ಳಿ ರಸ್ತೆ, ರಾಷ್ಟ್ರೀಯ ಹೆದ್ದಾರಿ, ರಾಜ್ಯದ ರಸ್ತೆ, ರೈಲ್ವೆ ಮೇಲ್ಸೇತುವೆ ಕೆಳಸೇತುವೆ. ಹಳ್ಳಿಗೆ ಗ್ರಾಮ ಸಡಕ್ ಯೋಜನೆ ಸಿಕ್ಕಿತು, ಬಹಳ ಒಳ್ಳೆಯದಾಯಿತು. ಊರೊಳಗಿನ ಅಡ್ಡರಸ್ತೆ ಮಾತ್ರ ಈ ನಾಲ್ಕರಲ್ಲಿ ಎಲ್ಲೂ ಇಲ್ಲ. ಆ ಹಂಚಿಕೆಯಲ್ಲಿ, ಪೇಟೆಯ ಬಂಕಿನಲ್ಲಿ ಕಟ್ಟಿದ ಸೆಸ್ಸಿಗೆ ಪೇಟೆಯ ಬೀದಿ ಲೆಕ್ಕಕ್ಕಿಲ್ಲ.

ನಿಮ್ಮದೇ ಲೋಕೋಪಯೋಗಿ ಇಲಾಖೆಯನ್ನು ನೋಡಿ. ಅಲ್ಲಿನ ಬಜೆಟ್ ಹೆಡ್‌ಗಳಿಗೆ ಸಂಖ್ಯೆಗಳಿವೆ: 5054 ಅಂದರೆ ರಸ್ತೆ ಕಟ್ಟುವ ಹಣ, 3054 ಅಂದರೆ ಕಟ್ಟಿದ್ದನ್ನು ಕಾಪಾಡುವ ಹಣ. ಎಂಜಿನಿಯರ್‌ಗಳು ಇದನ್ನು ಫೋನ್ ನಂಬರಿನ ಹಾಗೆ ಹೇಳುತ್ತಾರೆ. 3054 ಸಾಲುವುದಿಲ್ಲ ಅಂತ ಅವರೂ ಗೊಣಗುತ್ತಾರೆ, ಆದರೆ ಗೊಣಗಲು ಒಂದು 3054 ಇದೆಯಲ್ಲ. ರಾಜ್ಯ ಹೆದ್ದಾರಿಯ ಬದಿಯ ಪೊದೆ ಕಡಿಯಲು ಒಂದು ಹೆಡ್ ಇರುವಾಗ, ದಿನಕ್ಕೆ ನಾಲ್ಕು ಸ್ಕೂಲ್ ವ್ಯಾನು, ಗ್ಯಾಸ್ ಸಿಲಿಂಡರ್ ಲಾರಿ, ಆಂಬುಲೆನ್ಸು ಓಡಾಡುವ ನಮ್ಮ ಬೀದಿಗೆ ಯಾಕಿಲ್ಲ?

ಹಾಗಾದರೆ ನಮ್ಮ ಬೀದಿಗೆ ಮೂರು ಸಲ ಡಾಂಬರು ಬಂದದ್ದು ಹೇಗೆ? ಯೋಜನೆಯಿಂದ, ವಿಶೇಷ ಅನುದಾನದಿಂದ. ರಾಜ್ಯದ ನಗರಾಭಿವೃದ್ಧಿ ಯೋಜನೆ ನಗರೋತ್ಥಾನದಂಥ ಕಾರ್ಯಕ್ರಮಗಳ ಹಣದಲ್ಲಿ ಆದ ಒಳ್ಳೆಯ ಕೆಲಸಗಳನ್ನು ನಾನು ಅಲ್ಲಗಳೆಯುವುದಿಲ್ಲ. ಎಷ್ಟೋ ಊರುಗಳಿಗೆ ಮೊದಲ ಡಾಂಬರು ಅದರಿಂದಲೇ ಬಂತು. ಆದರೆ ಯೋಜನೆ ಹಣದ ಸ್ವಭಾವವೇ ಬೇರೆ. ಅದು ಬಂದಾಗ ಬಂತು, ಮತ್ತೆ ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಮತ್ತೆ ಬರುವುದೇ ಗ್ಯಾರಂಟಿ ಇಲ್ಲದ ಮೇಲೆ, ಬಂದಾಗಲೇ ದಪ್ಪಗೆ ಬಾಚಿಕೊಳ್ಳೋಣ ಅಂತ ಎಲ್ಲರೂ ನೋಡುತ್ತಾರೆ. ಗುದ್ದಲಿ ಪೂಜೆ, ಬೋರ್ಡು, ಹಾರ. ಬಿರುಕು ಮುಚ್ಚುವುದಕ್ಕೆ ಗುದ್ದಲಿ ಪೂಜೆ ಮಾಡಿದವರನ್ನು ನಾನು ನೋಡಿಲ್ಲ. ನೀವು ನೋಡಿದ್ದೀರಾ?

ಬಿರುಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಹಣ ಪೋಲಾಗುವುದು ಅಲ್ಲೇ.

ಡಾಂಬರು ರಸ್ತೆಯನ್ನು ಕೊಲ್ಲುವುದು ಲಾರಿಗಿಂತ ಜಾಸ್ತಿ ನೀರು. ಡಾಂಬರು ಮೇಲಿನ ಚರ್ಮ ಇದ್ದ ಹಾಗೆ. ಭಾರ ಹೊರುವುದು ಅದರ ಕೆಳಗಿರುವ ಜಲ್ಲಿ ಮತ್ತು ಮಣ್ಣು. ಬಿಸಿಲಿಗೆ ಡಾಂಬರು ಒಣಗಿ ಗಡುಸಾಗಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆಗ ಒಬ್ಬ ಕೆಲಸಗಾರ, ಒಂದು ಡಬ್ಬಿ ಎಮಲ್ಷನ್ ಅಂದರೆ ನೀರಿನಲ್ಲಿ ಬೆರೆಸಿದ ತೆಳು ಡಾಂಬರು, ಅರ್ಧ ದಿನ ಸಾಕು. ಬಿಟ್ಟರೆ ಮಳೆಗಾಲದಲ್ಲಿ ಅದೇ ಬಿರುಕಿನಿಂದ ನೀರು ಕೆಳಗಿಳಿಯುತ್ತದೆ. ಮಣ್ಣು ಮೆತ್ತಗಾಗುತ್ತದೆ. ಮೇಲೆ ಒಂದು ಟ್ರ್ಯಾಕ್ಟರ್ ಹೋದರೆ ಒಳಗಿನ ಜಲ್ಲಿ ಅಲುಗುತ್ತದೆ. ಮೇಲೆ ಮೊಸಳೆ ಚರ್ಮದ ಹಾಗೆ ಚೌಕ ಚೌಕ ಗೆರೆ ಮೂಡುತ್ತದೆ. ಇನ್ನೊಂದು ಮಳೆಗೆ ಆ ಚೌಕಗಳು ಕಿತ್ತು ಬರುತ್ತವೆ, ಗುಂಡಿ ಹುಟ್ಟುತ್ತದೆ. ಒಂದು ಗುಂಡಿಯಲ್ಲಿ ನಿಂತ ನೀರು ಪಕ್ಕದ ಎರಡು ಅಡಿಯನ್ನು ತಿನ್ನುತ್ತದೆ. ಚರಂಡಿ ಕಟ್ಟಿಕೊಂಡಿದ್ದರಂತೂ ಮುಗಿದೇ ಹೋಯಿತು, ರಸ್ತೆಯೇ ಚರಂಡಿ.

ಈ ಸರಪಳಿಯಲ್ಲಿ ಪ್ರತಿ ಹೆಜ್ಜೆಗೂ ಖರ್ಚು ಹಲವು ಪಟ್ಟು ಏರುತ್ತದೆ. ಬಿರುಕಿಗೆ ಡಬ್ಬಿ ಸಾಕಿತ್ತು. ಗುಂಡಿಗೆ ಪ್ಯಾಚ್ ಬೇಕು. ಮೊಸಳೆ ಚರ್ಮ ಬಂದ ಮೇಲೆ ಕಿತ್ತು ಬುಡದಿಂದ ಹಾಕಬೇಕು. 1988ರಲ್ಲಿ ವಿಶ್ವ ಬ್ಯಾಂಕ್ ಇಂಥದ್ದೇ ಲೆಕ್ಕವನ್ನು ದೊಡ್ಡದಾಗಿ ಹಾಕಿತ್ತು. ಅದಕ್ಕೂ ಹಿಂದಿನ ಎರಡು ದಶಕಗಳಲ್ಲಿ 85 ದೇಶಗಳಲ್ಲಿ ನಿರ್ವಹಣೆಯಿಲ್ಲದೆ ಹಾಳಾದ ರಸ್ತೆಗಳ ಬೆಲೆ 4,500 ಕೋಟಿ ಡಾಲರ್. ಹೊತ್ತಿಗೆ ಸರಿಯಾಗಿ 1,200 ಕೋಟಿ ಡಾಲರ್ ಖರ್ಚು ಮಾಡಿದ್ದರೆ ಅದು ಉಳಿಯುತ್ತಿತ್ತು ಅಂತ. ಇದು ಹಳೇ ಲೆಕ್ಕ, ಬೇರೆ ದೇಶಗಳದ್ದೂ ಸೇರಿದ್ದು. ಆದರೆ ನೀರು ಇಳಿಯುವ ರೀತಿ ಆಗಲೂ ಈಗಲೂ ಒಂದೇ.

ನಮ್ಮ ಬೀದಿಯಲ್ಲಿ 2018ರ ಡಾಂಬರು ಹಾಕಿದಾಗ ಇನ್ನೊಂದೂ ಆಯಿತು. ಹಾಕಿ ನಾಲ್ಕು ತಿಂಗಳಿಗೆ ಕೇಬಲ್‌ನವರು ಬಂದು ಉದ್ದಕ್ಕೂ ಒಂದು ಗೆರೆ ಅಗೆದರು. ಮಣ್ಣು ತುಂಬಿ ಹೋದರು. ಅಗೆಯಲು ಅನುಮತಿ ಕೊಡುವಾಗ ರಸ್ತೆ ಮೊದಲಿನ ಹಾಗೆ ಮಾಡಲು ಅವರಿಂದ ಹಣ ಕಟ್ಟಿಸಿಕೊಂಡಿದ್ದರಂತೆ. ಆ ಹಣ ಎಲ್ಲಿ ಅಂತ ಕೇಳಿದೆ. ಸಾಮಾನ್ಯ ಖಾತೆಗೆ ಜಮಾ ಆಗಿದೆ ಅಂದರು. ಅಂದರೆ ನಮ್ಮ ಬೀದಿಯ ಗಾಯಕ್ಕೆ ಕೊಟ್ಟ ದುಡ್ಡು ಬೇರೆ ಯಾವುದೋ ಬಿಲ್ಲಿಗೆ ಹೋಯಿತು. ಗಾಯ ಇಲ್ಲೇ ಉಳಿಯಿತು. ಗುತ್ತಿಗೆದಾರರ ದೋಷ ಹೊಣೆಗಾರಿಕೆ ಅವಧಿ, ಅಂದರೆ ರಸ್ತೆ ಕೆಟ್ಟರೆ ಅವರೇ ಸರಿಮಾಡಬೇಕಾದ ಅವಧಿ, ಇನ್ನೂ ಇತ್ತು. ಕೇಳಿದರೆ, ಅಗೆದವರು ನಾವಲ್ಲವಲ್ಲ ಅಂದರು. ಅದೂ ನಿಜವೇ.

ಬೆಂಗಳೂರಿನಲ್ಲಿ ಹಣ ಇದೆ, ಅಲ್ಲಿ ಹೀಗಿಲ್ಲ ಅಂತ ನಮ್ಮ ಕಡೆ ಜನ ಹೇಳುತ್ತಾರೆ. ಅಲ್ಲೂ ಕತೆ ತೀರಾ ಬೇರೆಯಲ್ಲ. ಸುಮಾರು 14 ಸಾವಿರ ಕಿಲೋಮೀಟರ್ ರಸ್ತೆಯಲ್ಲಿ ಮುಖ್ಯ ಮತ್ತು ಉಪಮುಖ್ಯ ರಸ್ತೆಗಳು 1,344 ಕಿಲೋಮೀಟರ್ ಮಾತ್ರ. ವೈಟ್ ಟಾಪಿಂಗ್ ಅನ್ನುವ ಕಾಂಕ್ರೀಟ್ ಹೊದಿಕೆ, ಟೆಂಡರ್ ಶ್ಯೂರ್ ಅನ್ನುವ ರಸ್ತೆ ಮರುವಿನ್ಯಾಸ ಯೋಜನೆ, ಪತ್ರಿಕೆಯ ಫೋಟೋ ಎಲ್ಲ ಹೆಚ್ಚಾಗಿ ಆ ಹತ್ತನೇ ಒಂದು ಭಾಗಕ್ಕೇ. ಉಳಿದದ್ದು ವಾರ್ಡ್ ರಸ್ತೆ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು. ಐದು ಬಜೆಟ್‌ಗಳಲ್ಲಿ ವಾರ್ಡ್ ರಸ್ತೆಯ ಸಾಲು ಎಷ್ಟು ಉದ್ದ ಇದೆ ಅಂತ ಅಲ್ಲಿನವರು ಎಣಿಸಲಿ.

ಬೇರೆ ಕಡೆ ಹೇಗಿದೆ? ದೂರ ಹೋಗುವುದು ಬೇಡ, ಪಕ್ಕದ ಕೇರಳ ನೋಡಿ. ಅಲ್ಲಿ ರಾಜ್ಯ ಸ್ಥಳೀಯ ಸಂಸ್ಥೆಗಳಿಗೆ ಕೊಡುವ ಹಣದಲ್ಲಿ ಅಭಿವೃದ್ಧಿ ನಿಧಿ ಬೇರೆ, ಸಾಮಾನ್ಯ ನಿಧಿ ಬೇರೆ, ನಿರ್ವಹಣಾ ನಿಧಿ ಬೇರೆ. ನಿರ್ವಹಣಾ ನಿಧಿಯಲ್ಲೂ ಎರಡು ಭಾಗ: ರಸ್ತೆಗೆ ಒಂದು, ಕಟ್ಟಡದಂಥ ಉಳಿದ ಆಸ್ತಿಗಳಿಗೆ ಒಂದು. ನಮ್ಮ ಎಂಜಿನಿಯರ್ ಇಲ್ಲ ಅಂದರಲ್ಲ, ಆ ಹೆಡ್ ಇದೇ. ಘಟ್ಟ ಇಳಿದರೆ ಸಿಗುತ್ತದೆ.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1951ರಿಂದ ಒಂದು ಕಾಯ್ದೆ ಇದೆ. ಇಂಧನ ತೆರಿಗೆ, ವಾಹನ ನೋಂದಣಿ ಶುಲ್ಕ ಎಲ್ಲ ಒಂದು ನಿಧಿಗೆ ಬರುತ್ತದೆ. ಕೆಲವು ಕಡಿತ ಕಳೆದು ಶೇ. 39.1 ರಾಜ್ಯದ ಹೆದ್ದಾರಿಗೆ, ಶೇ. 39.1 ಕೌಂಟಿಗಳಿಗೆ ಅಂದರೆ ಜಿಲ್ಲೆಗಳಿಗೆ, ಶೇ. 21.8 ನಗರ ಮತ್ತು ಸಣ್ಣ ಊರುಗಳಿಗೆ. ಊರಿಗೆ ಎಷ್ಟು ಅನ್ನುವುದನ್ನು ಜನಸಂಖ್ಯೆ ಮತ್ತು ಬೀದಿಗಳ ಉದ್ದ ಎರಡನ್ನೂ ನೋಡಿ ಲೆಕ್ಕ ಹಾಕುತ್ತಾರೆ. ದೊಡ್ಡ ಬೀದಿಗೆ ಒಂದು ಖಾತೆ, ಒಳಬೀದಿಗೆ ಇನ್ನೊಂದು. ಇದರಿಂದ ಅಲ್ಲಿನ ರಸ್ತೆ ಗಾಜಿನ ಹಾಗಿದೆ ಅಂತ ತಿಳಿಯಬೇಡಿ. ಹಿಮ ಬೀಳುವ ಊರು, ಗುಂಡಿಗಳೂ ಬೇಕಾದಷ್ಟಿವೆ, ಜನ ಬೈಯುತ್ತಾರೆ ಕೂಡ. ಆದರೆ ಬೈಯುವವರಿಗೆ ಯಾವ ಖಾತೆಯಲ್ಲಿ ಎಷ್ಟು ಬಂತು ಅಂತ ಗೊತ್ತಿರುತ್ತದೆ. ನಮ್ಮ ಬೈಗುಳಕ್ಕೆ ಆ ಆಧಾರವೂ ಇಲ್ಲ.

ನನಗೆ ಹೆಚ್ಚು ಇಷ್ಟವಾದದ್ದು ಕ್ಯಾಲಿಫೋರ್ನಿಯಾದ ಎರಡು ಷರತ್ತು. 2017ರಲ್ಲಿ ಅಲ್ಲಿ ಪೆಟ್ರೋಲ್ ತೆರಿಗೆಯನ್ನು ಗ್ಯಾಲನ್‌ಗೆ 12 ಸೆಂಟ್ ಏರಿಸಿ ಒಂದು ಪಾಲನ್ನು ಊರುಗಳ ಬೀದಿಗೆ ಕೊಟ್ಟರು. ಕೊಡುವಾಗ ಹೇಳಿದರು: ಈ ವರ್ಷ ಯಾವ ಬೀದಿ, ಎಲ್ಲಿಂದ ಎಲ್ಲಿಗೆ, ಯಾವಾಗ ಮುಗಿಯುತ್ತದೆ, ಮಾಡಿದ ಕೆಲಸ ಎಷ್ಟು ವರ್ಷ ಬಾಳಬಹುದು ಅಂತ ಪಟ್ಟಿ ಮಾಡಿ, ಬಹಿರಂಗ ಸಭೆಯಲ್ಲಿ ಒಪ್ಪಿಗೆ ಪಡೆದು ಕಳಿಸಿ. ಪಟ್ಟಿ ಇಲ್ಲದಿದ್ದರೆ ಹಣ ಇಲ್ಲ. ಎರಡನೆಯದು: ನಾವು ಕೊಟ್ಟೆವು ಅಂತ ನೀವು ನಿಮ್ಮ ಸ್ವಂತ ಹಣವನ್ನು ರಸ್ತೆಯಿಂದ ವಾಪಸ್ ತೆಗೆಯಬಾರದು. ಮೊದಲು ಎಷ್ಟು ಹಾಕುತ್ತಿದ್ದಿರೋ ಅಷ್ಟನ್ನು ಹಾಕುತ್ತಲೇ ಇರಬೇಕು. ಮರುವರ್ಷ ಈ ತೆರಿಗೆಯನ್ನು ರದ್ದು ಮಾಡಬೇಕೇ ಅಂತ ಜನರ ಮುಂದೆ ಮತಕ್ಕೆ ಬಂತು. ಜನ ಬೇಡ, ಇರಲಿ ಅಂದರು. ಪೆಟ್ರೋಲ್ ತೆರಿಗೆ ಇರಲಿ ಅಂತ ಯಾರಾದರೂ ವೋಟು ಹಾಕುತ್ತಾರಾ? ತಮ್ಮ ಬೀದಿಯ ಹೆಸರು ಪಟ್ಟಿಯಲ್ಲಿ ಕಂಡಿದ್ದೂ ಒಂದು ಕಾರಣ ಇರಬಹುದು. ಇದು ನನ್ನ ಊಹೆ.

ನಾನು ಕೇಳುತ್ತಿರುವುದು ಹೊಸ ತೆರಿಗೆಯಲ್ಲ. ಈಗಾಗಲೇ ಕಟ್ಟುತ್ತಿರುವ ವಾಹನ ತೆರಿಗೆ ಮತ್ತು ಇಂಧನ ತೆರಿಗೆಯಲ್ಲಿ ಒಂದು ನಿಗದಿತ ಪಾಲು ಊರೊಳಗಿನ ಬೀದಿಗಳ ನಿರ್ವಹಣೆಗೆ ಅಂತಲೇ ಬರಬೇಕು. ಎಷ್ಟು ಪಾಲು ಅನ್ನುವುದನ್ನು ರಾಜ್ಯ ಹಣಕಾಸು ಆಯೋಗ ಕೂತು ಹೇಳಲಿ. ಯಾವ ಊರಿಗೆ ಎಷ್ಟು ಅನ್ನುವುದು ಬೀದಿಯ ಉದ್ದ ಮತ್ತು ಜನಸಂಖ್ಯೆಯಿಂದ ತೀರ್ಮಾನವಾಗಲಿ, ಯಾವ ಕ್ಷೇತ್ರದ ಶಾಸಕರು ಯಾರ ಮನೆಗೆ ಎಷ್ಟು ಸಲ ಹೋದರು ಅನ್ನುವುದರಿಂದ ಬೇಡ. ಆ ಹಣದಲ್ಲಿ ಬಿರುಕು ಮುಚ್ಚಬೇಕು, ಗುಂಡಿ ತುಂಬಬೇಕು, ರಸ್ತೆ ಬದಿಯ ಚರಂಡಿ ತೆಗೆಯಬೇಕು, ಐದಾರು ವರ್ಷಕ್ಕೊಮ್ಮೆ ಹಳೇ ಪದರ ಕೆರೆದು ಹೊಸ ಪದರ ಹಾಕಬೇಕು. ಕೆರೆದು ಅನ್ನುವ ಪದಕ್ಕೆ ಗೆರೆ ಎಳೆದುಕೊಳ್ಳಿ. ನಮ್ಮ ಗೇಟಿಗೆ ಇನ್ನೊಂದು ಮೆಟ್ಟಿಲು ಇಳಿಯುವ ಶಕ್ತಿ ಇಲ್ಲ. ಸ್ವಾಗತ ಕಮಾನು, ವೃತ್ತದ ಕಾರಂಜಿ, ಹೊಸ ಬಡಾವಣೆಯ ರಸ್ತೆ ಇವೆಲ್ಲ ಬೇರೆ ಹಣದಲ್ಲಿ ಆಗಲಿ. ರಸ್ತೆ ಅಗೆದವರು ಕಟ್ಟುವ ಹಣವೂ ಇದೇ ಖಾತೆಗೆ ಬರಲಿ.

ಬಿಡುಗಡೆಯ ತಿಂಗಳು ಕೂಡ ಮುಖ್ಯ. ಹಣ ಫೆಬ್ರವರಿ ಕೊನೆಗೆ ಬಂದರೆ ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕು ಅಂತ ರಾತ್ರಿ ಹೊತ್ತು ಡಾಂಬರು ಸುರಿಯುತ್ತಾರೆ. ಡಾಂಬರಿಗೆ ಒಣ ಹವೆ ಬೇಕು, ಅವಸರ ಬೇಕಿಲ್ಲ. ಮಳೆಗೆ ಮುಂಚೆ ಚರಂಡಿ ಮತ್ತು ಬಿರುಕಿಗೆ ಏಪ್ರಿಲ್‌ನಲ್ಲಿ ಒಂದು ಕಂತು, ಮಳೆ ನಿಂತ ಮೇಲಿನ ಕೆಲಸಕ್ಕೆ ಅಕ್ಟೋಬರ್‌ನಲ್ಲಿ ಇನ್ನೊಂದು ಕಂತು. ಇದಕ್ಕೆ ತಜ್ಞರ ಸಮಿತಿ ಬೇಕಿಲ್ಲ, ಒಂದು ಕ್ಯಾಲೆಂಡರ್ ಸಾಕು.

ಎಲ್ಲಕ್ಕೂ ಮೊದಲು ಒಂದು ಪಟ್ಟಿ ಬೇಕು. ಪ್ರತಿ ಬೀದಿಗೆ ಒಂದು ಸಂಖ್ಯೆ, ಅದರ ಉದ್ದ ಅಗಲ, ಕೊನೆಯ ಸಲ ಡಾಂಬರು ಹಾಕಿದ ದಿನ, ಗುತ್ತಿಗೆದಾರರ ಹೊಣೆ ಮುಗಿಯುವ ದಿನ, ಕಳೆದ ವರ್ಷ ಅದಕ್ಕೆ ಖರ್ಚಾದ ಹಣ. ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿ. ಆಮೇಲೆ ನನ್ನಂಥವರು ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಿಡಿದು ಅಲೆಯುವುದು ತಪ್ಪುತ್ತದೆ, ನಿಮ್ಮವರಿಗೆ "ಸದರಿ ರಸ್ತೆಗೆ ಸಂಬಂಧಿಸಿದಂತೆ" ಅಂತ ಬರೆಯುವುದೂ ತಪ್ಪುತ್ತದೆ.

ನೀವು ಏನು ಹೇಳಬಹುದು ಅಂತ ಗೊತ್ತು. ಒಂದೊಂದು ತೆರಿಗೆಯನ್ನು ಒಂದೊಂದು ಕೆಲಸಕ್ಕೆ ಕಟ್ಟಿಹಾಕಿದರೆ ಬಜೆಟ್ ಮಾಡುವುದು ಹೇಗೆ? ಬರ ಬಂದರೆ, ನೆರೆ ಬಂದರೆ ಕೈ ಆಡಿಸಲು ಜಾಗ ಬೇಡವಾ? ನ್ಯಾಯವಾದ ಮಾತು. ಎಲ್ಲ ತೆರಿಗೆಗೂ ಹೀಗೆ ಮಾಡಿ ಅಂದರೆ ನಾನೂ ಒಪ್ಪುವುದಿಲ್ಲ. ಆದರೆ ಕಟ್ಟಿಹಾಕುವುದು ನಿಮಗೆ ಹೊಸದೇನಲ್ಲ. ವಾಹನ ತೆರಿಗೆಯ ಮೇಲೆ ಮೂಲಸೌಕರ್ಯದ ಹೆಸರಿನಲ್ಲಿ ಸೆಸ್ ಹಾಕಿದ್ದೀರಿ. ಅದರಲ್ಲಿ ಬೆಂಗಳೂರು ಮೆಟ್ರೋಗೆ ಪಾಲಿದೆ, ಗ್ರಾಮೀಣ ರಸ್ತೆಗೆ ಪಾಲಿದೆ. ಎರಡರ ನಡುವೆ ಬರುವ ಊರುಗಳ ಬೀದಿ ಬಿಟ್ಟುಹೋಗಿದೆ.

ಇನ್ನೊಂದು ಮಾತು ನಮ್ಮ ಜನರೇ ಹೇಳುತ್ತಾರೆ: ಕೆಳಗೆ ಹಣ ಕೊಟ್ಟರೆ ತಿಂದು ಮುಗಿಸುತ್ತಾರೆ. ತಿನ್ನುವವರು ಇದ್ದಾರೆ, ಸುಮ್ನೆ ಇಲ್ಲ ಅನ್ನಲಾರೆ. ಆದರೆ ಒಂದೇ ಸಲ ಐದು ಕೋಟಿಯ ಕಾಮಗಾರಿಯಲ್ಲಿ ತಿನ್ನುವುದು ಸುಲಭವೋ, ಇನ್ನೂರು ಬೀದಿಯ ಗೋಡೆ ಪಟ್ಟಿಯಲ್ಲಿ ತಿನ್ನುವುದು ಸುಲಭವೋ? ಐದು ಕೋಟಿಯ ಲೆಕ್ಕ ನನಗೆ ಅರ್ಥವಾಗುವುದಿಲ್ಲ. ನಮ್ಮ ಬೀದಿಯ ಆರು ಗುಂಡಿಯ ಲೆಕ್ಕ ನಮ್ಮ ಬೀದಿಯ ಹಾಲಿನ ಹುಡುಗನಿಗೂ ಬಾಯಿಪಾಠ.

ವಿದ್ಯುತ್ ವಾಹನ ಜಾಸ್ತಿಯಾದರೆ ಪೆಟ್ರೋಲ್ ತೆರಿಗೆ ಇಳಿಯುತ್ತದಲ್ಲ ಅನ್ನುವ ಪ್ರಶ್ನೆ ದೊಡ್ಡದೇ. 2016ರಿಂದ ಅವುಗಳಿಗೆ ವಾಹನ ತೆರಿಗೆ ವಿನಾಯಿತಿ ಕೊಟ್ಟಿರಿ, 2024ರಲ್ಲಿ 25 ಲಕ್ಷ ಮೀರಿದ ಕಾರುಗಳಿಗೆ ಶೇ. 10 ತೆರಿಗೆ ತಂದಿರಿ. ಅಂದರೆ ಈ ಲೆಕ್ಕ ನಿಮ್ಮ ತಲೆಯಲ್ಲಿ ಓಡುತ್ತಿದೆ. ಓಡುವಾಗ ನಮ್ಮ ಬೀದಿಯನ್ನೂ ಅದರೊಳಗೆ ಸೇರಿಸಿಕೊಳ್ಳಿ ಅನ್ನುವುದಷ್ಟೇ.

ನಮ್ಮದೂ ತಪ್ಪಿದೆ. ನಮ್ಮ ಬೀದಿಯಲ್ಲೇ ಮೂರು ಮನೆಯವರು ಕಾರು ಹತ್ತಿಸಲು ಚರಂಡಿಯ ಮೇಲೆ ಕಾಂಕ್ರೀಟ್ ಇಳಿಜಾರು ಕಟ್ಟಿದ್ದಾರೆ. ನೀರು ಅಲ್ಲಿ ನಿಂತು ರಸ್ತೆಗೆ ಬರುತ್ತದೆ. ಒಂದು ಕಾಲದಲ್ಲಿ ನಮ್ಮ ಮನೆಯ ಮುಂದೆಯೂ ಒಂದು ಇತ್ತು. ಹೋದ ವರ್ಷ ಒಡೆಸಿದೆ. ಒಡೆಸಿದ ಕೂಲಿ 1,800 ರೂಪಾಯಿ, ಹೆಂಡತಿಯ ಬೈಗುಳ ಬೇರೆ.

ಕಳೆದ ಭಾನುವಾರ ನಾವು ನಾಲ್ಕು ಜನ ಟೇಪ್ ಹಿಡಿದು ಬೀದಿಯನ್ನು ಅಳೆದೆವು. ಉದ್ದ 180 ಮೀಟರ್, ಅಗಲ ಐದೂವರೆ. ಸಣ್ಣ ಬಿರುಕು ಹನ್ನೆರಡು ಕಡೆ, ಮೊಸಳೆ ಚರ್ಮ ನಾಲ್ಕು ಕಡೆ, ಗುಂಡಿ ಆರು. ಇವತ್ತಿಗೆ ಹನ್ನೆರಡು ಕಡೆ ಡಬ್ಬಿಯಲ್ಲೇ ಮುಗಿಯುತ್ತದೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಎಂಜಿನಿಯರ್‌ಗೆ ಕೊಟ್ಟಿದ್ದೇವೆ. ಅವರು ತೆಗೆದುಕೊಂಡು, ಇದನ್ನು ಯಾವ ಫೈಲಿಗೆ ಹಾಕಲಿ ಅಂತ ಕೇಳಿದರು. ಆ ಫೈಲಿಗೆ ಒಂದು ಹೆಸರು ನೀವು ಕೊಡಬೇಕು. ಅಳತೆಯಲ್ಲಿ ಏನಾದರೂ ವ್ಯತ್ಯಾಸ ಕಂಡರೆ ತಿಳಿಸಿ, ಟೇಪ್ ನಮ್ಮ ಮನೆಯಲ್ಲೇ ಇದೆ.

ಇಂತಿ,
180 ಮೀಟರ್ ಉದ್ದದ ಅಡ್ಡರಸ್ತೆಯ ಒಬ್ಬ ನಿವಾಸಿ